ಹೊಳೆಬದಿಯ ದರೆಗೆ ಮರಳುವ ಕಳ್ಳಿಪೀರಗಳು: ಕುಂಭದಿಂದ ಪಗ್ಗುವರೆಗೆ (ಫೆಬ್ರವರಿ–ಮೇ) ನೋಡುವುದು ಹೇಗೆ, ತೋಟದ ಕೆಲಸ ಹೊಂದಿಸುವುದು ಹೇಗೆ?

ಪಯಸ್ವಿನಿಕರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಅಡೂರಿನಿಂದ ಕೆಳಗೆ ಪಯಸ್ವಿನಿ ಹೊಳೆಗೆ ತಾಗಿದಂತೆ ಕಂಗಿನ (ಅಡಿಕೆ) ತೋಟ ಇದೆ. ಅಲ್ಲಲ್ಲಿ ತೆಂಗು. ಮೇಲ್ಬದಿಗೆ ಸುಗ್ಗಿ ಬೆಳೆ ಕೊಯ್ದು ಬಿಟ್ಟ ಬೈಲು, ಅದರಲ್ಲಿ ಒಂದಿಷ್ಟು ಜಾಗಕ್ಕೆ ಸೌತೆ, ಬೆಂಡೆ ಹಾಕುವುದುಂಟು. ಹೊಳೆಬದಿಯಲ್ಲಿ ಅಂದಾಜು 2 ಮೀಟರ್ ನೆಟ್ಟಗೆ ನಿಂತ ಮಣ್ಣಿನ ದರೆ. ಹೊಳೆ ಇಳಿದ ಮೇಲೆ, ಕುಂಭ ತಿಂಗಳ ಹೊತ್ತಿಗೆ, ಕಳ್ಳಿಪೀರಗಳು (ಹಾರುವ ಹುಳ ಹಿಡಿಯುವ ಹಸಿರು ಹಕ್ಕಿಗಳು) ಅಲ್ಲಿಗೆ ಬಂದು ತೂತು ಕೊರೆಯುತ್ತವೆ. ತೋಟದೊಳಗೂ ಅದೇ ಸಮಯಕ್ಕೆ ಹಕ್ಕಿಗಳ ಸ್ವರ ಜಾಸ್ತಿಯಾಗುತ್ತದೆ.

ತಿಳಿಯಬೇಕಾದ್ದು ಇಷ್ಟು. ಫೆಬ್ರವರಿಯಿಂದ ಮೇವರೆಗೆ ಹೊಳೆಬದಿಯ ತೋಟದಲ್ಲಿ ಯಾವ ಹಕ್ಕಿ ಬರುತ್ತದೆ, ಯಾವುದು ಹೋಗುತ್ತದೆ? ಗೂಡಿಗೆ ತೊಂದರೆ ಆಗದ ಹಾಗೆ ನೋಡುವುದು ಹೇಗೆ? ಮಳೆಗಾಲದಲ್ಲಿ ದರೆ ಕುಸಿಯುತ್ತದೆಂದು ಮನೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಕಟ್ಟಿಸುವ ಮಾತು ನಡೆಯುತ್ತಿದೆ. ಗೋಡೆ ಕಟ್ಟಿಯೂ ಹಕ್ಕಿ ಉಳಿಸಲು ದಾರಿ ಇದೆಯಾ? ನಮ್ಮಿಂದ ಸ್ವಲ್ಪ ಕೆಳಗೆ ವರ್ಷವೂ ಹೊಳೆಗೆ ಅಡ್ಡಲಾಗಿ ಮೂಟೆಗಳ ಕಟ್ಟ ಹಾಕುತ್ತಾರೆ, ಅದರ ನೀರು ದರೆಯ ಬುಡಕ್ಕೆ ನಿಲ್ಲುತ್ತದೆ. ಜೇನುಪೆಟ್ಟಿಗೆಗಳೂ ಇವೆ, ಕಳ್ಳಿಪೀರ ಜೇನು ತಿನ್ನುತ್ತದೆ ಎಂಬ ಆತಂಕವೂ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹೊಯಿಗೆದರೆ ಉತ್ತರ:

ಒಳ್ಳೆಯ ಪ್ರಶ್ನೆ, ಅದೂ ಸರಿಯಾದ ಸಮಯಕ್ಕೆ ಕೇಳಿದ್ದೀರಿ. ದರೆಯ ಕೆಲಸ ಏನಿದ್ದರೂ ಜನವರಿ ಮುಗಿಯುವುದರೊಳಗೆ ಆಗಬೇಕು. ಮೊದಲ ತೂತು ಬಿದ್ದ ಮೇಲೆ ಮಳೆ ಹಿಡಿಯುವವರೆಗೆ ಕೈ ಹಾಕುವ ಹಾಗಿಲ್ಲ.

ಮೊದಲು ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದು. ನಮ್ಮ ಕಡೆ ವಸಂತ ಎಂದರೆ ದೂರದೇಶದಿಂದ ಹಕ್ಕಿ ಬರುವ ಕಾಲ ಅಲ್ಲ. ಬಡಗಿನಿಂದ ಬಂದವು ಹೊರಡುವ ಕಾಲ. ತೋಡಿನ ಕಲ್ಲುಗಳ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ಕಂಗಿನ ಬುಡದಲ್ಲಿ ತರಗೆಲೆ ಕೆದಕುವ ನವರಂಗ, ಉದ್ದ ಬಾಲದ ರಾಜಹಕ್ಕಿ, ಹಳದಿ ಹೊನ್ನಕ್ಕಿ, ತಂತಿ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳು: ಇವೆಲ್ಲ ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಹೆಚ್ಚುಕಡಿಮೆ ಖಾಲಿಯಾಗುತ್ತವೆ. ಹೊಳೆ ಅಂಚಿನಲ್ಲಿ ಒಂಟಿಯಾಗಿ ಓಡಾಡುವ ಸಣ್ಣ ಗೊರವ ಎಲ್ಲರಿಗಿಂತ ತಡವಾಗಿ ಹೋಗಿ ಆಗಸ್ಟ್ ಹೊತ್ತಿಗೇ ಮತ್ತೆ ಹಾಜರು. ಹಾಗಾಗಿ ಬಿಸು ಹಬ್ಬದ ಆಸುಪಾಸಿನಲ್ಲಿ ನೀವು ಬರೆಯುವ ಪಟ್ಟಿಯಲ್ಲಿ ಕೊನೆಯದಾಗಿ ಕಂಡ ದಿನಾಂಕಕ್ಕೂ ಮೊದಲು ಕಂಡ ದಿನಾಂಕದಷ್ಟೇ ಬೆಲೆ ಇದೆ. ಅದನ್ನು ಯಾರೂ ಬರೆದಿಡುವುದಿಲ್ಲ ಎಂಬುದೇ ಬೇಸರ.

ಮರಳಿ ಬರುವವು ಅಂದರೆ ಇಲ್ಲೇ ಸುತ್ತಮುತ್ತ ಇದ್ದು, ನೀರು ಇಳಿದ ಮೇಲೆ ಮೊಟ್ಟೆಯಿಡಲು ಹೊಳೆಬದಿಗೆ ಬರುವ ಹಕ್ಕಿಗಳು. ಕ್ಯಾಲೆಂಡರ್‌ಗಿಂತ ನೀರಿನ ಮಟ್ಟವನ್ನು ನೋಡಿ. ಮಳೆಗಾಲದ ನೆರೆ ದರೆಯನ್ನು ಕೊರೆದು ಹೊಸ ಮುಖ ಮಾಡಿ ಹೋಗುತ್ತದೆ. ಹುಲ್ಲು, ಬೇರು, ಬಳ್ಳಿ ಇಲ್ಲದ ಆ ಬೆತ್ತಲೆ ಮಣ್ಣೇ ಅವಕ್ಕೆ ಬೇಕಾದ್ದು. ವರ್ಷವರ್ಷ ಸ್ವಲ್ಪ ಕುಸಿಯುವ ದರೆಗೇ ಕಳ್ಳಿಪೀರ ಬರುವುದು ಇದೇ ಕಾರಣಕ್ಕೆ.

ಕಳ್ಳಿಪೀರದಲ್ಲಿ ಮೂರು ಜಾತಿ ನಿಮ್ಮ ಕಣ್ಣಿಗೆ ಬೀಳಬಹುದು, ಬೇರೆ ಮಾಡಿ ಗುರುತಿಸಿ. ನೆತ್ತಿ ಮತ್ತು ಕುತ್ತಿಗೆಯ ಹಿಂಬದಿ ಕಂದು, ಗಂಟಲು ಹಳದಿ, ಬಾಲದ ನಡುವೆ ಸೂಜಿಯಂತೆ ಚಾಚಿದ ಗರಿ ಇಲ್ಲ ಎಂದಾದರೆ ಕಂದು ತಲೆಯ ಕಳ್ಳಿಪೀರ. ಹೊಳೆಬದಿ ದರೆಯಲ್ಲಿ ಗುಂಪಾಗಿ ಗೂಡು ಮಾಡುವುದು ಸಾಮಾನ್ಯವಾಗಿ ಇದೇ, ಫೆಬ್ರವರಿಯಿಂದ ಮೇವರೆಗೆ. ಮೈ ಹಸಿರು, ಗಂಟಲಲ್ಲಿ ಕಪ್ಪು ಗೆರೆ, ಬಾಲದಲ್ಲಿ ಸೂಜಿಗರಿ ಇದ್ದರೆ ಸಣ್ಣ ಕಳ್ಳಿಪೀರ. ಇದು ಒಂಟಿ ಜೋಡಿಯಾಗಿ ಅಥವಾ ಚದುರಿದಂತೆ ಗೂಡು ಮಾಡುತ್ತದೆ. ದರೆಯೇ ಬೇಕೆಂದಿಲ್ಲ, ಸಮತಟ್ಟಾದ ಹೊಯಿಗೆ (ಮರಳು) ನೆಲದಲ್ಲೂ ಓರೆಯಾಗಿ ಕೊರೆಯುತ್ತದೆ; ತೋಟದ ದಾರಿಯ ನಡುವೆ ತೂತು ಕಂಡರೆ ಇಲಿಯದ್ದೆಂದು ಮುಚ್ಚಿಬಿಡಬೇಡಿ. ಇವೆರಡಕ್ಕಿಂತ ದೊಡ್ಡದು, ಬಾಲ ಮತ್ತು ಸೊಂಟ ನೀಲಿ ಇರುವುದು ನೀಲಿ ಬಾಲದ ಕಳ್ಳಿಪೀರ. ಅದು ನಮ್ಮಲ್ಲಿ ಚಳಿಗಾಲದ ಅತಿಥಿ. ಶ್ರೀರಂಗಪಟ್ಟಣದ ಬಳಿ ಕಾವೇರಿ ದಡದಲ್ಲಿ ಅದರ ಗೂಡುಗಳಿರುವುದು ಪ್ರಸಿದ್ಧ.

ಮಿಂಚುಳ್ಳಿಯೂ ದರೆಯಲ್ಲೇ ಗೂಡು ಮಾಡುವುದು. ಎದೆ ಬಿಳಿ, ತಲೆ ಕಂದು ಇರುವ, ಎಲ್ಲೆಡೆ ಕಾಣುವ ಮಿಂಚುಳ್ಳಿಯ ಸುರಂಗ ಅರ್ಧ ಮೀಟರಿನಷ್ಟು, ಬಾಯಿ ದೊಡ್ಡದು, ಒಂಟಿ. ಮರಿ ಇದ್ದಾಗ ಬಾಯಿಯಿಂದ ಬಿಳಿ ಹಿಕ್ಕೆ ಸೋರಿದ ಗುರುತು, ಹತ್ತಿರ ಹೋದರೆ ಮೀನಿನ ವಾಸನೆ. ಕಳ್ಳಿಪೀರದ ತೂತು ಸಣ್ಣದು, ಒಳಗೆ ಉದ್ದ. ಸಣ್ಣ ಕಳ್ಳಿಪೀರದ ಸುರಂಗವೇ ಒಂದೂವರೆ ಮೀಟರ್ ತನಕ ಹೋಗುವುದುಂಟು. ಬಳಕೆಯಲ್ಲಿರುವ ತೂತಿನ ಕೆಳತುಟಿಯಲ್ಲಿ ಎರಡು ಕಾಲು ಉಜ್ಜಿದ ಎರಡು ಗೀರು ಇರುತ್ತವೆ, ಬುಡದಲ್ಲಿ ಹೊಸ ಮಣ್ಣು, ಆಮೇಲೆ ಜೇನು, ದುಂಬಿಗಳ ರೆಕ್ಕೆ ಚೂರು. ಜೇಡ ಬಲೆ ಕಟ್ಟಿದ್ದರೆ ಹಳೆಯದು. ನೀರಿನ ಮಟ್ಟದಲ್ಲಿ ಕೆಸರು ಮೆತ್ತಿದ ತೂತು ಏಡಿಯದ್ದು.

ನೋಡುವ ಕ್ರಮ ಹೀಗೆ. ದರೆಯ ಮೇಲೆ ನಿಂತು ಬಗ್ಗಿ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು: ಅಂಚು ಕುಸಿದು ಸುರಂಗದ ಮೇಲೆಯೇ ಬೀಳುತ್ತದೆ, ಮೇಲಿಂದ ನೆರಳು ಬಿದ್ದರೆ ಹಕ್ಕಿ ಒಳಗೆ ಹೋಗುವುದೇ ಇಲ್ಲ. ಎದುರು ದಡದಿಂದ ಅಥವಾ ಹೊಯಿಗೆ ದಿಬ್ಬದಿಂದ, 25–30 ಮೀಟರ್ ದೂರದಲ್ಲಿ, 8×42 ಬೈನಾಕ್ಯುಲರ್ ಇದ್ದರೆ ಸಾಕು. ತೆಂಗಿನ ಮಡಲು ಎರಡು ನೆಟ್ಟು ಅದರ ಹಿಂದೆ ಕೂರಿ. ನಮ್ಮ ಹೊಳೆ ಪಡುವಣಕ್ಕೆ ಹರಿಯುವುದರಿಂದ ತೋಟ ಬಡಗು ದಡದಲ್ಲಿದ್ದರೆ ದರೆಯ ಮುಖ ತೆಂಕಿಗೆ; ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬೆಳಕು ಪಕ್ಕದಿಂದ ಬಿದ್ದು ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ 6.30ರಿಂದ 9, ಸಂಜೆ 4.30ರ ನಂತರ. ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಗೆಲ್ಲಿನ ಮೇಲೆ ಕೂತು ತೂತಿಗೆ ಹೋಗದೆ ಕೂಗುತ್ತಿದ್ದರೆ ನೀವು ಹತ್ತಿರ ಆದಿರಿ ಎಂದರ್ಥ, ಹಿಂದೆ ಸರಿಯಿರಿ. ಒಳಗೆ ಮರಿ ಹಸಿದು ಕೂತಿರುತ್ತದೆ.

ಹೊರಗಿನ ನಡವಳಿಕೆಯಿಂದಲೇ ಒಳಗಿನ ಹಂತ ತಿಳಿಯುತ್ತದೆ. ಮಣ್ಣನ್ನು ಕಾಲಿನಿಂದ ಹಿಂದಕ್ಕೆ ಚಿಮ್ಮಿಸುತ್ತಿದ್ದರೆ ಕೊರೆತ. ಒಂದು ಹಕ್ಕಿ ಇನ್ನೊಂದಕ್ಕೆ ಹುಳ ತಿನ್ನಿಸುತ್ತಿದ್ದರೆ ಮೊಟ್ಟೆ ಹತ್ತಿರ. ಜೋಡಿಯಲ್ಲಿ ಒಂದು ಬಹಳ ಹೊತ್ತು ಒಳಗಿದ್ದು ಇನ್ನೊಂದು ಬಂದು ಪಾಳಿ ಬದಲಿಸಿದರೆ ಕಾವು. ಸಣ್ಣ ಕಳ್ಳಿಪೀರಕ್ಕೆ ಇದು ಸುಮಾರು 14 ದಿನ. ಎರಡೂ ಎಡೆಬಿಡದೆ ಹುಳ ತರುತ್ತಿದ್ದರೆ ಮರಿ. ಹಾರಲು ಇನ್ನೂ 3–4 ವಾರ. ಎಲ್ಲ ಗೂಡು ಒಂದೇ ದಿನ ಶುರುವಾಗುವುದಿಲ್ಲ. ಮೊದಲ ಗೂಡು ಖಾಲಿಯಾದ ಕೂಡಲೇ ದರೆ ಬಿಡುವಾಯಿತೆಂದು ಕೆಲಸಕ್ಕೆ ಇಳಿಯುವುದು ಹೆಚ್ಚಾಗಿ ಆಗುವ ತಪ್ಪು.

ತೂತಿಗೆ ಕಡ್ಡಿ, ಟಾರ್ಚು, ಮೊಬೈಲ್ ಏನೂ ಹಾಕಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.

ಕಟ್ಟದ ವಿಷಯ ಬಹಳ ಮುಖ್ಯ. ಕಟ್ಟ ಕಟ್ಟಿ ನೀರು ಪೂರ್ತಿ ನಿಂತ ದಿನ ದರೆಯ ಬುಡದಲ್ಲಿ ಒಂದು ಗೂಟ ನೆಟ್ಟು ಮಟ್ಟ ಗುರುತಿಸಿ. ಆ ಗುರುತಿನಿಂದ ಮೇಲೆ ಕನಿಷ್ಠ 1 ಮೀಟರ್ ಒಣ ಮುಖ ಉಳಿದರೆ ತೊಂದರೆ ಇಲ್ಲ. ಒದ್ದೆ ಮಣ್ಣು ಮೇಲಕ್ಕೆ ನೀರು ಹೀರುವುದರಿಂದ ಅದಕ್ಕಿಂತ ಕೆಳಗಿನ ತೂತುಗಳ ಚಾವಣಿ ಜಾರುತ್ತದೆ. ಅಪಾಯ ಬರುವುದು ಹಕ್ಕಿ ಕೊರೆದಾದ ಮೇಲೆ ಕಟ್ಟವನ್ನು ಎತ್ತರಿಸಿದಾಗ. ಬೇಸಗೆ ಬಿಗಿಯಾದಂತೆ ಮಾರ್ಚ್‌ನಲ್ಲಿ ಇನ್ನೊಂದು ವರಸೆ ಮೂಟೆ ಇಡುವ ರೂಢಿ ಕೆಲವು ಕಡೆ ಇದೆ. ಕಟ್ಟದವರ ಹತ್ತಿರ ಮಾತಾಡಿ ಕೊನೆಯ ಎತ್ತರವನ್ನು ಜನವರಿಯಲ್ಲೇ ನಿಲ್ಲಿಸಿಕೊಳ್ಳಿ. ಮೊದಲೇ ನೀರು ನಿಂತಿದ್ದರೆ ಹಕ್ಕಿ ತಾನಾಗಿ ಮೇಲೆ ಕೊರೆಯುತ್ತದೆ.

ಸೋಗೆಅಡಿ ಉತ್ತರ:

ಹೊಯಿಗೆದರೆಯವರು ಹೊಳೆ ಬದಿ ಹೇಳಿದ್ದಾರೆ, ತೋಟದೊಳಗಿನದ್ದು ಸೇರಿಸುತ್ತೇನೆ.

ಕಂಗಿನ ತೋಟದ ನೆಲದಲ್ಲಿ ಹಕ್ಕಿ ಇರುವುದು ತರಗೆಲೆಯಿಂದ. ಬುಡಕ್ಕೆ ಹಾಕಿದ ಸೊಪ್ಪು, ಬಿದ್ದ ಸೋಗೆ, ಸ್ಪ್ರಿಂಕ್ಲರ್ ತೇವ ಸೇರಿದಲ್ಲಿ ಎರೆಹುಳ, ಗೆದ್ದಲು, ಜೇಡ ಇರುತ್ತವೆ. ಗುಡ್ಡೆ ಒಣಗಿ ಬಿರಿದಿರುವ ಮಾರ್ಚ್‌ನಲ್ಲಿ ನವರಂಗ, ಕಿತ್ತಳೆ ತಲೆಯ ನೆಲಸಿಳ್ಳಾರ, ಕಾಡುಸಿಪಿಲೆ ಎಲ್ಲ ಇಲ್ಲಿಗೇ ಇಳಿಯುತ್ತವೆ. ನವರಂಗ ಹೊರಡುವ ಮೊದಲು ಚೆನ್ನಾಗಿ ತಿಂದು ಕೊಬ್ಬು ಕೂಡಿಸಿಕೊಳ್ಳಬೇಕು. ಅದೇ ವಾರದಲ್ಲಿ ತೋಟ ಗುಡಿಸಿ ಬೆಂಕಿ ಹಾಕಿದರೆ ಅದಕ್ಕೆ ದಾರಿಬುತ್ತಿ ಇಲ್ಲದಂತೆ. ಸೋಗೆಯನ್ನು ಸುಡುವ ಬದಲು ಕತ್ತರಿಸಿ ಎರಡು ಸಾಲಿನ ನಡುವೆ ಹಾಸಿ, ಗೊಬ್ಬರವೂ ಆಯಿತು. ನವರಂಗ ನೋಡಬೇಕಾದರೆ ನಸುಕು ಹರಿಯುವಾಗ ಮತ್ತು ಸಂಜೆ ಬೆಳಕು ಇಳಿಯುವಾಗ ಎರಡು ಸ್ವರದ ಸಿಳ್ಳೆ ಕೇಳಿ ಜಾಗ ಗೊತ್ತುಮಾಡಿಕೊಂಡು, ಮರುದಿನ ಆ ಹೊತ್ತಿಗಿಂತ ಮೊದಲೇ ಹೋಗಿ ಕೂರುವುದು ಸರಿಯಾದ ಕ್ರಮ. ಬೆನ್ನಟ್ಟಿದರೆ ಸಿಗುವುದಿಲ್ಲ.

ನೀರಿಡಲು ಕಂಗಿನ ಹಾಳೆಯೇ ಒಳ್ಳೆಯದು: ಎರಡು ತುದಿ ಮಡಿಸಿ ಕಡ್ಡಿ ಚುಚ್ಚಿ, ನೀರು 3ರಿಂದ 5 ಸೆಂಟಿಮೀಟರ್ ಮಾತ್ರ, ನಡುವೆ ಒಂದು ಒರಟು ಕಲ್ಲು. ಜಾಸ್ತಿ ಆಳವಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ಪೊದೆಯಿಂದ ಎರಡು ಮೂರು ಮೀಟರ್ ದೂರ ಇಡಿ, ಪೊದೆಗೆ ತಾಗಿದ್ದರೆ ಬೆಕ್ಕು ಅಡಗಿ ಕೂರುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಬೇಡ. ವಾರ ಬಿಟ್ಟರೆ ಸೊಳ್ಳೆಮರಿ ರೆಕ್ಕೆ ಬಂದು ಹಾರಿರುತ್ತದೆ, ನಮ್ಮ ಕಡೆ ಡೆಂಗಿಯ ಕಾಟ ಮೊದಲೇ ಇದೆ.

ಸ್ಪ್ರಿಂಕ್ಲರ್ ಜೆಟ್ಟಿನ ನೀರು ಹೊಳೆ ದರೆಯ ಅಂಚಿಗೆ ಬೀಳುತ್ತದಾ ನೋಡಿ. ದಿನಾ ಮೇಲಿಂದ ನೆನೆದರೆ ಹೊಳೆ ಏರದಿದ್ದರೂ ಸುರಂಗ ಕುಸಿಯುತ್ತದೆ. ಆ ಒಂದು ಸಾಲಿಗೆ ಅರ್ಧವೃತ್ತ ತಿರುಗುವ ಜೆಟ್ ಹಾಕಿ ಅಥವಾ ಅಲ್ಲಿ ಮಾತ್ರ ಹನಿ ನೀರಾವರಿ ಮಾಡಿ. ಕಣಿಯ (ತೋಟದ ಬಸಿಗಾಲುವೆ) ನೀರು ದರೆ ಮೇಲಿಂದ ಧುಮುಕದಂತೆ ಪಕ್ಕಕ್ಕೆ ತಿರುಗಿಸಿ.

ಇನ್ನು, ಒಣಗಿದ ತೆಂಗಿನ ಮರ ಇದ್ದರೆ ಪೂರ್ತಿ ಕಡಿಯಬೇಡಿ, ಬೋಳು ಕಾಂಡ ನಿಲ್ಲಲಿ. ಮರಕುಟಿಗ ಕೊರೆದ ಪೊಟರೆಗೆ ಆಮೇಲೆ ಮೈನಾ, ಗಿಳಿ, ಮಡಿವಾಳ ಹಕ್ಕಿ ಸಾಲಾಗಿ ಬರುತ್ತವೆ. ಹೊಳೆಬದಿಯಲ್ಲಿ ಪೊಟರೆ ಸಿಗದೆ ಗೂಡು ಮಾಡಲಾಗದ ಹಕ್ಕಿಗಳೂ ಇರುತ್ತವೆ.

ತೆಂಗುಕೃಷಿ ಉತ್ತರ:

ಸೋಗೆಅಡಿಯವರ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಸತ್ತ ತೆಂಗು ಯಾವುದರಿಂದ ಸತ್ತದ್ದು ಎಂದು ಮೊದಲು ನೋಡಿ. ಕೆಂಪು ಮೂತಿ ಹುಳದಿಂದ ಸತ್ತ ಮರವನ್ನು ಹಾಗೇ ಬಿಟ್ಟರೆ ಒಳಗಿನ ಗೂಡುಗಳಿಂದ ಹುಳ ಹೊರಬಂದು ಪಕ್ಕದ ಮರಗಳಿಗೆ ಹೋಗುತ್ತದೆ. ಅಂಥದನ್ನು ಕಡಿದು, ತಲೆಭಾಗ ಸೀಳಿ ಸುಡಲೇಬೇಕು. ಸಿಡಿಲು ಬಡಿದು ಅಥವಾ ಮುದಿಯಾಗಿ ಒಣಗಿದ್ದಾದರೆ ತಲೆ ತೆಗೆದು ಕಾಂಡ ಬಿಡಬಹುದು. ಆದರೆ ನೆಟ್ಟಗೆ, ಕೊಳೆಯದೆ ಇರಬೇಕು. ನಿಂತದ್ದಾಗಲಿ ಬಿದ್ದದ್ದಾಗಲಿ, ಕೊಳೆಯತೊಡಗಿದ ಕಾಂಡದಲ್ಲಿ ಕುರುವಾಯಿ (ತೆಂಗಿನ ಸುಳಿ ಕೊರೆಯುವ ದುಂಬಿ) ಮೊಟ್ಟೆಯಿಡುತ್ತದೆ, ಎಳೆ ತೆಂಗಿನ ಸುಳಿ ಉಳಿಯುವುದಿಲ್ಲ. ಮನೆ, ದಾರಿ, ಕರೆಂಟು ತಂತಿಯ ಮೇಲೆ ಬೀಳುವಂತಿದ್ದರೆ 4 ಮೀಟರಿಗೆ ತುಂಡರಿಸಿ. ಪೊಟರೆಗೆ ಅಷ್ಟು ಎತ್ತರ ಸಾಕು. ಗೊಬ್ಬರಗುಂಡಿಯಲ್ಲಿ ಕುರುವಾಯಿ ಮರಿಗೆ ಮೆಟಾರೈಜಿಯಂ ಶಿಲೀಂಧ್ರ ಹಾಕುವ ಕ್ರಮ ಇದೆ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ವಿಚಾರಿಸಿ. ಹುಳಕ್ಕೆ ರೋಗ ತರುವ ಶಿಲೀಂಧ್ರ ಅದು, ವಿಷದ ಮದ್ದಲ್ಲ.

ಇನ್ನೊಂದು. ಬಾಳೆ ಬುಡಕ್ಕೆ ಫ್ಯೂರಡಾನ್‌ನಂಥ ಹರಳು ವಿಷ ಬಳಸುವವರಿದ್ದಾರೆ. ಹಕ್ಕಿ ಅದನ್ನು ಕಾಳೆಂದು ಹೆಕ್ಕುತ್ತದೆ, ಕೆಲವೇ ಹರಳು ಸಾಕು ಸಾಯಲು. ಎಂಡೋಸಲ್ಫಾನ್ ಏನು ಮಾಡಿತೆಂದು ಕಂಡ ಜಿಲ್ಲೆ ನಮ್ಮದು. ಇಡೀ ದೇಶದಲ್ಲಿ ಅದು ನಿಲ್ಲಲು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ತನಕ ಕಾಯಬೇಕಾಯಿತು. ಹೊಳೆಬದಿಯಲ್ಲಿ ಹಾಕಿದ್ದು ಹೊಳೆಗೇ ಹೋಗುತ್ತದೆ. ಕೊಳೆರೋಗಕ್ಕೆ ಮಳೆ ಮೊದಲು ಬಿಡುವ ಬೋರ್ಡೋ ಮದ್ದಿನ ಮಟ್ಟಿಗೂ ಅಷ್ಟೆ: ಡ್ರಮ್ಮು, ಪಂಪು, ಪೈಪು ತೊಳೆದ ನೀರನ್ನು ಹೊಳೆಗೆ ಬಿಡಬೇಡಿ. ಮೈಲುತುತ್ತಿನ ತಾಮ್ರ ಮೀನಿಗೆ ವಿಷ, ಮೀನು ಹೋದಲ್ಲಿ ಮಿಂಚುಳ್ಳಿ ನಿಲ್ಲುವುದಿಲ್ಲ.

ತುಡುವೆಪೆಟ್ಟಿಗೆ ಉತ್ತರ:

ಜೇನಿನ ಪ್ರಶ್ನೆಗೆ ಮಾತ್ರ ಹೇಳುತ್ತೇನೆ. ಕಳ್ಳಿಪೀರ ಜೇನು ತಿನ್ನುವುದು ನಿಜ. ಬಲವಾದ ಕುಟುಂಬಕ್ಕೆ ಕೆಲಸಗಾರ ನೊಣಗಳ ಆ ನಷ್ಟ ತಡೆಯುತ್ತದೆ. ತಡೆಯದ್ದು ರಾಣಿ ಹೋದರೆ. ಹೊಸ ರಾಣಿ ಮಿಲನಕ್ಕೆ ಮಧ್ಯಾಹ್ನದ ಮೇಲೆ ಹೊರಗೆ ಹಾರುತ್ತದೆ, ಆ ಒಂದು ಹಾರಾಟದಲ್ಲಿ ಹಿಡಿದರೆ ಕುಟುಂಬವೇ ಮುಗಿಯಿತು. ಆದ್ದರಿಂದ ಕುಟುಂಬ ಪಾಲು ಮಾಡುವ ಕೆಲಸವನ್ನು ಜನವರಿಯ ಮೊದಲೇ ಮುಗಿಸಿ, ರಾಣಿ ಮೊಟ್ಟೆಯಿಡುವುದು ಖಚಿತವಾದ ಪೆಟ್ಟಿಗೆಗಳನ್ನಷ್ಟೇ ಹೊಳೆಬದಿಯಲ್ಲಿ ಉಳಿಸಿ. ತಡವಾಗಿ ಪಾಲಾದದ್ದನ್ನು ಗುಡ್ಡೆ ಬದಿಯ ತೋಟಕ್ಕೆ ಸಾಗಿಸಿ.

ಕಳ್ಳಿಪೀರ ಬಯಲಲ್ಲಿ ಹಾರಿ ಹಿಡಿಯುವ ಹಕ್ಕಿ, ತಂತಿ ಅಥವಾ ಒಣ ಗೆಲ್ಲಿನಲ್ಲಿ ಕೂತು ಕಾಯುತ್ತದೆ. ಪೆಟ್ಟಿಗೆಯನ್ನು ದರೆಯಿಂದ ಕನಿಷ್ಠ 100 ಮೀಟರ್ ಒಳಗೆ, ಕಂಗಿನ ನೆರಳಿನಡಿ, ಬಾಗಿಲ ಮುಂದೆ ಐದಾರು ಮೀಟರ್ ಮಟ್ಟಿಗೆ ಬಾಳೆ ಅಥವಾ ಕಾಫಿ ಗಿಡಗಳ ಮರೆ ಇರುವಲ್ಲಿ ಇಡಿ. ಮೇಲೆ ಕರೆಂಟು ತಂತಿ ಹಾದುಹೋಗುವ ಜಾಗ ಬೇಡ. ಪಟಾಕಿ, ಕವಣೆ ಯಾವುದೂ ಬೇಡ. ಕಳ್ಳಿಪೀರ ಕಣಜವನ್ನೂ ತಿನ್ನುತ್ತದೆ, ಪೆಟ್ಟಿಗೆ ಬಾಗಿಲಲ್ಲಿ ಕಣಜದ ಕಾಟ ಅನುಭವಿಸಿದವರಿಗೆ ಅದರ ಬೆಲೆ ಗೊತ್ತು.

ಪಯಸ್ವಿನಿಕರೆ:

ಎಲ್ಲರಿಗೂ ಬಹಳ ಉಪಕಾರ ಆಯಿತು. ಜೆಟ್ಟಿನ ನೀರು ದರೆಯ ಅಂಚಿಗೆ ಬೀಳುತ್ತಿರುವುದು ಹೌದು, ಅದನ್ನು ಬದಲಿಸುತ್ತೇವೆ. ಎರಡು ಸಂಶಯ ಉಳಿದಿವೆ. ಒಂದು, ಗೋಡೆಯ ವಿಷಯ. ಮನೆಯ ಹಿರಿಯರ ಹೆದರಿಕೆಯೂ ಸುಳ್ಳಲ್ಲ, ಅಂಚಿನ ಸಾಲಿನ ಕಂಗುಗಳ ಬೇರು ಹೊರಗೆ ಕಾಣುತ್ತಿದೆ. ಇನ್ನೊಂದು, ಸೌತೆ ಹಾಕುವ ಬೈಲಿನಲ್ಲಿ ಟಿಟ್ಟಿಭ ಕೂಗಿ ತಲೆ ಮೇಲೆ ಎರಗುತ್ತಿದೆ. ಅಲ್ಲೇ ಟಿಲ್ಲರ್ ಹೊಡೆಯಬೇಕಾಗಿದೆ.

ಬೈಲುಗದ್ದೆ ಉತ್ತರ:

ಟಿಟ್ಟಿಭ ಎರಗುತ್ತದೆ ಎಂದರೆ ಮೊಟ್ಟೆ ಅಥವಾ ಮರಿ ಇದೆ. ಗೂಡೆಂದು ಕಟ್ಟುವುದಿಲ್ಲ, ನೆಲದಲ್ಲಿ ಸಣ್ಣ ತಗ್ಗು, ಸುತ್ತ ಹರಳುಕಲ್ಲು, ಮಣ್ಣುಬಣ್ಣಕ್ಕೆ ಕಪ್ಪು ಮಚ್ಚೆಯ 4 ಮೊಟ್ಟೆ. ಸುಮ್ಮನೆ ಹುಡುಕುತ್ತ ನಡೆದರೆ ತುಳಿದೇ ಬಿಡುತ್ತೀರಿ. ದೂರದ ಬದುವಿನಲ್ಲಿ ಕೂತು ನೋಡಿ: ಹಕ್ಕಿ ಇಳಿದು, ಸ್ವಲ್ಪ ನಡೆದು, ನಿಂತು, ಮತ್ತೆ ನಡೆದು ಒಂದು ಕಡೆ ಕೂರುತ್ತದೆ. ಅದೇ ಜಾಗ. ಹಿಂದಿರುವ ಯಾವುದಾದರೂ ಮರಕ್ಕೆ ಗುರುತು ಹಿಡಿದು ನೇರ ಹೋಗಿ, ಒಂದು ಸಲ ನೋಡಿ ಬನ್ನಿ.

ಗೂಡಿನಿಂದ 3 ಮೀಟರ್ ದೂರದಲ್ಲಿ ನಾಲ್ಕು ಕೋಲು ನೆಟ್ಟು ಆ ಚೌಕವನ್ನು ಉಳಬೇಡಿ. ಕೋಲು ಗೂಡಿಗೆ ಹತ್ತಿರ ಇದ್ದರೆ ಕಾಗೆ ಅದರ ಮೇಲೆ ಕೂತು ಮೊಟ್ಟೆ ಕಾಣುತ್ತದೆ, ಬಟ್ಟೆ ಚಿಂದಿ ಕಟ್ಟಿದರೆ ಇನ್ನೂ ಕೆಟ್ಟದು. ಸೌತೆ ಸಾಲಿಗೆ ಬಿಟ್ಟ ನೀರು ಚೌಕಕ್ಕೆ ನುಗ್ಗದ ಹಾಗೆ ಹಾರೆಯಲ್ಲಿ ಎಳೆದು ಸಣ್ಣ ಬದು ಮಾಡಿ. ಕಾವು 28–30 ದಿನ. ಮರಿ ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ಓಡುತ್ತದೆ, ಅಲ್ಲಿಗೆ ಚೌಕದ ಕೆಲಸ ಮುಗಿಯಿತು. ಆದರೆ ಮರಿ ಓಡಾಡುವ ವಾರಗಳಲ್ಲಿ ಕಳೆ ಕೊಚ್ಚುವ ಯಂತ್ರವನ್ನು ಗದ್ದೆಯ ನಡುವಿನಿಂದ ಶುರುಮಾಡಿ ಹೊರಕ್ಕೆ ತನ್ನಿ. ಅಂಚಿನಿಂದ ಒಳಕ್ಕೆ ಸುತ್ತಿದರೆ ಅದು ನಡುವೆ ಸಿಕ್ಕಿಕೊಳ್ಳುತ್ತದೆ, ಓಡದೆ ಅಡಗಿ ಕೂರುವುದು ಅದರ ಸ್ವಭಾವ.

ಹೊಳೆಬದಿ ಹುಲ್ಲಿಗೂ ಒಂದು ಮಾತು. ನೀರಂಚಿನಲ್ಲಿ 2 ಮೀಟರ್ ಅಗಲದ ಪಟ್ಟಿ, ಕೇದಗೆ ಪೊದೆ ಇದ್ದರೆ ಅದನ್ನೂ ಸೇರಿಸಿ, ಮಳೆಗಾಲ ಮುಗಿಯುವ ತನಕ ಕೊಚ್ಚಬೇಡಿ. ಹುಂಡುಕೋಳಿಗೆ (ಎದೆ ಬಿಳಿ ಇರುವ ನೀರಂಚಿನ ಹಕ್ಕಿ) ಬೇರೆ ಜಾಗ ಇಲ್ಲ. ನವಿಲು, ಪಿಕಳಾರ ಬಾರದಂತೆ ಸೌತೆಗೆ ನೈಲಾನ್ ಬಲೆ ಹಾಕುವುದಾದರೆ ಸಡಿಲ ಬಿಡದೆ ಬಿಗಿಯಾಗಿ ಎಳೆದು ಕಟ್ಟಿ, ಬೆಳಿಗ್ಗೆ ಸಂಜೆ ನೋಡಿ. ಸಡಿಲ ಬಲೆಯಲ್ಲಿ ಹಕ್ಕಿ, ಕೇರೆಹಾವು ಎರಡೂ ಸಿಕ್ಕಿ ಸಾಯುತ್ತವೆ.

ಗೀಜಗನ ಗೂಡು ಕಾಣುತ್ತಿಲ್ಲ ಎಂದು ಈಗಲೇ ಬೇಸರ ಬೇಡ, ಅದು ಮಳೆ ಹಿಡಿದ ಮೇಲಿನ ಕೆಲಸ. ಚಾತಕವೂ ಮಳೆಯ ಜೊತೆಗೇ ಬರುವುದು.

ಲೆಕ್ಕ ಬರೆಯುವುದಾದರೆ ಕ್ರಮ ಒಂದೇ ಇರಲಿ. ಒಂದೇ ಜಾಗ, 15 ನಿಮಿಷ, ಕಂಡ ಕೇಳಿದ ಎಲ್ಲ ಜಾತಿ, ಎಷ್ಟು, ಏನು ಮಾಡುತ್ತಿತ್ತು. 2015ರಿಂದ 2020ರವರೆಗೆ ನಡೆದ ಕೇರಳದ ಪಕ್ಷಿ ಅಟ್ಲಾಸ್‌ನಲ್ಲೂ 15 ನಿಮಿಷದ ಪಟ್ಟಿಗಳನ್ನೇ ಬಳಸಿದ್ದು; ಅವರ ಬೇಸಗೆ ಸುತ್ತು ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ. ಹಾಗೆ ಬರೆದರೆ ಹಕ್ಕಿ ಪಟ್ಟಿಗಳ ಜಾಲತಾಣ ಇಬರ್ಡ್‌ಗೆ ಹಾಕಬಹುದು, ವರ್ಷದಿಂದ ವರ್ಷಕ್ಕೆ ಹೋಲಿಸಲೂಬಹುದು. ಕಾಣದ ದಿನದ ಪಟ್ಟಿಯನ್ನೂ ಹಾಕಿ. ಮರ್ಲಿನ್ ಆ್ಯಪ್ ಸ್ವರ ಕೇಳಿ ಹೆಸರು ಹೇಳುತ್ತದೆ, ಕಣ್ಣಾರೆ ನೋಡದೆ ಬರೆಯಬೇಡಿ. ನಮ್ಮ ತೋಟಗಳಲ್ಲಿ ಭೀಮರಾಜ ಹತ್ತು ಹಕ್ಕಿಯ ದನಿ ಅನುಕರಿಸುತ್ತದೆ. ಗೂಡಿನ ಸರಿಯಾದ ಜಾಗವನ್ನು ಮಾತ್ರ ವಾಟ್ಸಪ್ ಗುಂಪಿಗೆ ಹಾಕಬೇಡಿ. ಕ್ಯಾಮರಾ ಹಿಡಿದವರ ಸಾಲು ದರೆ ಮುಂದೆ ನಿಂತರೆ ಹಕ್ಕಿ ಗೂಡು ಬಿಡುತ್ತದೆ.

ಹೊಯಿಗೆದರೆ ಉತ್ತರ:

ಗೋಡೆಯ ಬಗ್ಗೆ. ಪೂರ್ತಿ ಎತ್ತರಕ್ಕೆ ಮುರಕಲ್ಲು ಕಟ್ಟಿದರೆ ಕಳ್ಳಿಪೀರ, ಮಿಂಚುಳ್ಳಿ ಎರಡೂ ಹೋದ ಹಾಗೆಯೇ. ನೀರು ಬಸಿಯಲು ಬಿಡುವ ಪೈಪುಗಳಲ್ಲಿ ಮೈನಾ, ಮಡಿವಾಳ ಹಕ್ಕಿ ಗೂಡು ಮಾಡಬಹುದು, ಕಳ್ಳಿಪೀರಕ್ಕೆ ತಾನೇ ಕೊರೆಯುವ ಮಣ್ಣು ಬೇಕು.

ದರೆ ಕುಸಿಯುವುದು ಬುಡ ಕೊರೆದು. ನೆರೆ ನೀರು ಬುಡದ ಹೊಯಿಗೆ ಎಳೆಯುತ್ತದೆ, ಮೇಲಿನ ಮಣ್ಣಿಗೆ ಆಧಾರ ತಪ್ಪಿ ದೊಡ್ಡ ಹೆಂಟೆಗಳಾಗಿ ಬೀಳುತ್ತದೆ. ಹತ್ತಿರದಲ್ಲಿ ಹೊಳೆಯಿಂದ ಹೊಯಿಗೆ ತೆಗೆಯುತ್ತಿದ್ದರೆ ತಳ ತಗ್ಗಾಗಿ ಇದು ಇನ್ನೂ ಬೇಗ. ಹಾಗಾಗಿ ಕಲ್ಲು ಬೇಕಾದ್ದು ಬುಡಕ್ಕೆ. 60–75 ಸೆಂಟಿಮೀಟರ್ ಎತ್ತರಕ್ಕೆ ದೊಡ್ಡ ಕಾಡುಕಲ್ಲುಗಳನ್ನು ಸಿಮೆಂಟಿಲ್ಲದೆ, ಹೊಳೆಗೆ ಇಳಿಜಾರಾಗಿ ಜೋಡಿಸಿ, ಮೊದಲ ಸಾಲು ಹೊಳೆಯ ತಳಕ್ಕಿಂತ ಒಂದಡಿ ಕೆಳಗೆ ಕೂರಲಿ. ಇಲ್ಲದಿದ್ದರೆ ಕಲ್ಲಿನ ಅಡಿಯನ್ನೇ ನೀರು ಕೊರೆದು ಎಲ್ಲ ಉರುಳುತ್ತದೆ. ನೀರಲ್ಲಿ ಮುಳುಗಿ ಏಳುವ ಜಾಗಕ್ಕೆ ಮೆತ್ತನೆ ಮುರಕಲ್ಲು ಬಾಳಿಕೆ ಬರುವುದಿಲ್ಲ. ಅದರ ಮೇಲೆ ಒಂದೂಕಾಲು ಮೀಟರ್ ಮಣ್ಣಿನ ಮುಖ ತೆರೆದೇ ಇರಲಿ. ಕಟ್ಟದ ನೀರಿನ ಗುರುತು ಈ ಕಲ್ಲಿನ ಮಟ್ಟಕ್ಕೆ ಸರಿಯಾಗಿ ಬಂದರೆ ಒಣ ಮುಖವೂ ಸಿಕ್ಕಿತು.

ಇಡೀ ಉದ್ದಕ್ಕೆ ತೆರೆದಿಡಬೇಕೆಂದಿಲ್ಲ. ವರ್ಷವೂ ತೂತು ಬೀಳುವ 10–15 ಮೀಟರ್ ಬಿಟ್ಟು, ಅದರ ಎರಡು ಪಕ್ಕಕ್ಕೆ ಲಾವಂಚ ನೆಡಿ: ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್, ಸಾಲು ದರೆಯ ಅಂಚಿಗೆ ಸಮಾನಾಂತರ, ಜೂನ್ ಮೊದಲ ಮಳೆಗೆ. ತೂತಿನ ಜಾಗದ ನೇರ ಮೇಲೆ ಬೇಡ. ಲಾವಂಚದ ಬೇರು 2 ಮೀಟರಿಗೂ ಮಿಕ್ಕಿ ಇಳಿಯುತ್ತದೆ, ಬೇರು ಹೆಣೆದ ಮಣ್ಣನ್ನು ಹಕ್ಕಿ ಕೊರೆಯುವುದಿಲ್ಲ. ಬೇರು ಹೊರಬಿದ್ದ ಆ ಒಂದು ಸಾಲು ಕಂಗನ್ನು, ತೂತಿನ ನೇರಕ್ಕೆ ಇರುವಷ್ಟು ಮಾತ್ರ, ಬಿಟ್ಟುಕೊಡಬೇಕಾಗಬಹುದು ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ. ಅಲ್ಲಿ ಹೊಸ ಸಸಿ ಇಡುವಾಗ ಅಂಚಿನಿಂದ 3 ಮೀಟರ್ ಒಳಗೆ ಇಡಿ.

ಇನ್ನು ಈ ಜನವರಿಯಲ್ಲೇ ಮಾಡಬಹುದಾದ್ದು: ತೆರೆದ ಮುಖದ ಮೇಲೆ ಇಳಿಬಿದ್ದ ಹುಲ್ಲು, ಬಳ್ಳಿ ಕತ್ತರಿಸಿ. ಓರೆಯಾದ ಕಡೆ ಗುದ್ದಲಿಯಿಂದ ಹೆರೆದು ಲಂಬವಾಗಿಸಿ. ಓರೆ ಇದ್ದರೆ ಉಡ ಹತ್ತಿ ಬಂದು ಮರಿಯನ್ನು ಅಗೆದು ತಿನ್ನುತ್ತದೆ. ಹಿಡಿಯಷ್ಟು ತೇವದ ಮಣ್ಣು ಒತ್ತಿದಾಗ ಉಂಡೆಯಾಗಿ, ಬೆರಳು ತಾಗಿಸಿದರೆ ಒಡೆಯಬೇಕು, ಅದು ಸರಿಯಾದ ಹದ. ಉಂಡೆಯೇ ಆಗದಿದ್ದರೆ ಬರೀ ಹೊಯಿಗೆ, ಸುರಂಗ ನಿಲ್ಲದು. ಒಡೆಯದೆ ಅಂಟಿದರೆ ಜೇಡಿ, ಕೊರೆಯಲಾಗದು. ಎದುರಿಗೆ ನಾಲ್ಕೈದು ಮೀಟರ್ ದೂರದಲ್ಲಿ ಒಂದು ಒಣ ಬಿದಿರು ನೆಟ್ಟರೆ ಕೂರಲು ಆಯಿತು, ನಿಮಗೂ ನೋಡಲು ಸುಲಭ. ಹಳೆಯ ತೂತು ಮುಚ್ಚಬೇಡಿ. ಬುಡಕ್ಕೆ ಕಲ್ಲು ಇಡುವ ಕೆಲಸ ಜನವರಿ ಕೊನೆಗೆ ಮುಗಿಯದೆಂದು ಕಂಡರೆ ಈ ವರ್ಷ ಬಿಟ್ಟು ಬರುವ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಅಲ್ಲಿವರೆಗೆ ಕಣಿ ತಿರುಗಿಸುವುದು, ಜೆಟ್ ಬದಲಿಸುವುದು ಇವೆರಡರಿಂದಲೇ ಮೇಲಿನಿಂದ ಆಗುವ ಕುಸಿತ ಎಷ್ಟೋ ಕಮ್ಮಿಯಾಗುತ್ತದೆ.

ಪಯಸ್ವಿನಿಕರೆ:

ಕಾಡುಕಲ್ಲು ಗುಡ್ಡೆಯಲ್ಲಿ ಇದೆ, ಸಾಗಿಸಲು ಜನ ಬೇಕಷ್ಟೆ. ಡಿಸೆಂಬರ್‌ಗೇ ಇಟ್ಟುಕೊಳ್ಳುತ್ತೇವೆ. ಈ ವಾರ ಜೆಟ್, ಕಣಿ, ಹುಲ್ಲು. ಕಟ್ಟದವರ ಹತ್ತಿರವೂ ಮಾತಾಡುತ್ತೇವೆ. ಒಂದು ಸಣ್ಣ ಪ್ರಶ್ನೆ: ಮೇಯಲ್ಲಿ ಗುಡುಗುಮಳೆ ಬಂದು ಹೊಳೆ ಹಠಾತ್ತಾಗಿ ಏರಿದರೆ ಮರಿ ಇರುವ ಗೂಡಿಗೆ ಏನಾದರೂ ಮಾಡಲು ಆಗುತ್ತದಾ?

ಹೊಯಿಗೆದರೆ ಉತ್ತರ:

ಗೂಡಿಗೆ ಏನೂ ಮಾಡಬೇಡಿ, ಕಟ್ಟಕ್ಕೆ ಮಾಡಬಹುದು. ಮೇಲ್ಗಡೆ ಮಳೆ ಜೋರಾಗಿ ಬಿದ್ದದ್ದು ಗೊತ್ತಾದ ಕೂಡಲೇ ಕಟ್ಟದ ನಡುವಿನ ಮೂಟೆಗಳನ್ನು ತೆಗೆಸಿ. ನಡುವೆ ತೆರೆದರೆ ನೀರು ದರೆಗೆ ತಾಗದೆ ಇಳಿಯುತ್ತದೆ, ಬದಿಯಲ್ಲಿ ತೆರೆದರೆ ದರೆಯನ್ನೇ ಕೊರೆಯುತ್ತದೆ. ಒಮ್ಮೆಗೇ ಪೂರ್ತಿ ಬಿಚ್ಚಿದರೆ ನೆನೆದ ದರೆಯಿಂದ ನೀರು ಸಟ್ಟನೆ ಇಳಿದು ಮಣ್ಣು ಜಾರುತ್ತದೆ, ಆದ್ದರಿಂದ ಒಂದೊಂದೇ ವರಸೆ, ನಡುವೆ ಕೆಲವು ಗಂಟೆ ಬಿಟ್ಟು.